ಫೆಬ್ರವರಿಗೆ ಆಗಸ್ಟಿನಲ್ಲೇ ತಯಾರಿ: ಲೈಬ್ರರಿಯಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್

ಓದುಗರ ಪ್ರಶ್ನೆ

"ಓಹಾಯೋ ರಾಜ್ಯದ ಒಂದು ಉಪನಗರದಲ್ಲಿ ಹನ್ನೆರಡು ವರ್ಷದಿಂದ ಇದ್ದೇವೆ. ಇಲ್ಲಿನ ಪಬ್ಲಿಕ್ ಲೈಬ್ರರಿಯ ಫ್ರೆಂಡ್ಸ್ ಗುಂಪಿನಲ್ಲಿ ನಾನು ಸ್ವಯಂಸೇವಕಿ. ಕನ್ನಡ ಕೂಟದ ಗೆಳತಿಯರು ಸೇರಿ ಪ್ರತಿ ವರ್ಷ ಲೈಬ್ರರಿಯಲ್ಲಿ ದೀಪಾವಳಿ ಮಾಡುತ್ತೇವೆ, ಇನ್ನೂರು ಜನ ಬರುತ್ತಾರೆ. ಅದನ್ನು ಕಂಡ ಗ್ರಂಥಪಾಲಕಿ ಬರುವ ಫೆಬ್ರವರಿಯ ಬ್ಲ್ಯಾಕ್ ಹಿಸ್ಟರಿ ಮಂತ್ (ಕಪ್ಪು ಅಮೆರಿಕನ್ನರ ಇತಿಹಾಸದ ತಿಂಗಳು) ಕಾರ್ಯಕ್ರಮಗಳನ್ನೂ ನೀವೇ ನೋಡಿಕೊಳ್ಳಿ ಎಂದಿದ್ದಾರೆ. ಹಣ 1,500 ಡಾಲರ್. ಕಳೆದ ಬಾರಿ ಒಬ್ಬ ಪ್ರಾಧ್ಯಾಪಕರ ಉಪನ್ಯಾಸ ಇಟ್ಟಿದ್ದರು, ಒಂಬತ್ತು ಜನ ಬಂದಿದ್ದರಂತೆ. ಭಾರತೀಯಳಾದ ನಾನು ಇದನ್ನು ನಡೆಸುವುದು ಸರಿಯೇ? ಸಿನಿಮಾ ಹಾಕಿ ಸಮೋಸ ಕೊಡಿ ಎಂದು ಒಬ್ಬರು, ಮಕ್ಕಳಿಂದ, ಗುಲಾಮರಿಗೆ ತಪ್ಪಿಸಿಕೊಳ್ಳಲು ನೆರವಾದ ಗುಪ್ತ ಜಾಲವಾದ ಅಂಡರ್‌ಗ್ರೌಂಡ್ ರೈಲ್‌ರೋಡಿನ ಗುಟ್ಟಿನ ಕೌದಿ ಮಾಡಿಸಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ನಮ್ಮವರೇ ಕೆಲವರು 'ಇದು ರಾಜಕೀಯ, ನಮಗ್ಯಾಕೆ' ಅನ್ನುತ್ತಾರೆ. ವರ್ಷದ ಅತಿ ಚಿಕ್ಕ ತಿಂಗಳನ್ನು ಅವರಿಗೆ ಕೊಟ್ಟಿದ್ದೇ ಅವಮಾನ ಎಂದು ಮಗಳ ವಾದ. ನನಗಂತೂ ನಮ್ಮ ಯಲ್ಲಾಪುರ ಕಡೆಯ ಆಫ್ರಿಕಾ ಮೂಲದ ಸಿದ್ದಿಗಳ ಬಗ್ಗೆ ಏನಾದರೂ ಮಾಡುವ ಆಸೆ. ಈಗ ಆಗಸ್ಟ್. ಎಲ್ಲಿಂದ ಶುರು ಮಾಡಲಿ?"

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಅಳುಕು ಕಾಣುತ್ತವೆ. ಇದನ್ನು ಮಾಡಲು ನಾನು ಯಾರು ಎಂಬುದು ಒಂದು. ಮಾಡಿದರೂ ಜನ ಬಾರದಿದ್ದರೆ ಎಂಬುದು ಇನ್ನೊಂದು. ಲೈಬ್ರರಿ ಕೆಲಸದಲ್ಲಿ ಇವೆರಡಕ್ಕೂ ಮದ್ದು ಒಂದೇ. ದೀಪಾವಳಿಗೆ ಇನ್ನೂರು ಜನ ಸೇರುವುದು ಪೋಸ್ಟರ್ ನೋಡಿ ಅಲ್ಲ. ಕೋಲಾಟ ಆಡುವ ಒಂದೊಂದು ಮಗುವಿನ ಹಿಂದೆ ಅಪ್ಪ, ಅಮ್ಮ, ಊರಿಂದ ಬಂದ ಅಜ್ಜಿ, ಪಕ್ಕದ ಮನೆಯವರು ಬರುತ್ತಾರೆ. ಪ್ರಾಧ್ಯಾಪಕರ ಉಪನ್ಯಾಸಕ್ಕೆ ಅಂಥ ಬಳಗ ಇರಲಿಲ್ಲ. ನಿಮ್ಮ ಊರಿನ ಕಪ್ಪು ಕುಟುಂಬಗಳದ್ದು ಎನ್ನುವಂಥದ್ದು ಆ ಸಂಜೆ ಏನೂ ಇರಲಿಲ್ಲ, ಅವರನ್ನು ಯಾರೂ ಮೊದಲೇ ಹೋಗಿ ಕೇಳಿರಲೂ ಇಲ್ಲ ಎಂದು ಧೈರ್ಯವಾಗಿ ಊಹಿಸಬಹುದು. ಅವರನ್ನು ಆಗಸ್ಟಿನಲ್ಲೇ ಕಂಡು ಕೇಳಿದರೆ 'ನಾನು ಯಾರು' ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ: ನೀವು ಕುರ್ಚಿ ಹಾಕುವವರು, ಫಾರ್ಮ್ ತುಂಬುವವರು, ಕಾಲಕಾಲಕ್ಕೆ ಫೋನ್ ಮಾಡಿ ಕೆಲಸ ಮುಂದೆ ತಳ್ಳುವವರು. ಮನೆಯ ಯಜಮಾನಿಕೆ ಅವರದ್ದು.

ಮಗಳ ವಾದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಇದು ಪ್ರತಿ ಫೆಬ್ರವರಿ ಲೈಬ್ರರಿ ಕೌಂಟರಿನಲ್ಲಿ ಕೇಳಿಬರುವ ಮಾತು. ಫೆಬ್ರವರಿಯನ್ನು ಯಾರೂ 'ಕೊಟ್ಟಿದ್ದಲ್ಲ', ಆರಿಸಿಕೊಂಡದ್ದು. ಆರಿಸಿದವರು ಕಾರ್ಟರ್ ಜಿ. ವುಡ್ಸನ್. 1875ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವರು, ತಂದೆತಾಯಿ ಗುಲಾಮಗಿರಿಯಿಂದ ಹೊರಬಂದವರು. ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದು, 1912ರಲ್ಲಿ ಹಾರ್ವರ್ಡ್‌ನಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. 1915ರಲ್ಲಿ ಕಪ್ಪು ಜನರ ಇತಿಹಾಸ ಅಧ್ಯಯನಕ್ಕೆ ಸಂಘ ಕಟ್ಟಿ, 1926ರ ಫೆಬ್ರವರಿ ಎರಡನೇ ವಾರವನ್ನು ನೀಗ್ರೋ ಇತಿಹಾಸ ವಾರ ಎಂದು ಕರೆದರು. ಕಾರಣ ಸರಳ: ಲಿಂಕನ್ ಹುಟ್ಟಿದ ದಿನ ಫೆಬ್ರವರಿ 12, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ತಾನು ಹುಟ್ಟಿದ ದಿನವೆಂದು ಆರಿಸಿಕೊಂಡದ್ದು ಫೆಬ್ರವರಿ 14. ಗುಲಾಮಗಿರಿಯಲ್ಲಿ ಹುಟ್ಟಿದ ಮಗುವಿನ ತಾರೀಖನ್ನು ಯಾರೂ ಬರೆದಿಡುತ್ತಿರಲಿಲ್ಲ, ಹಾಗಾಗಿ 'ಆರಿಸಿಕೊಂಡದ್ದು'. ಕಪ್ಪು ಸಮುದಾಯಗಳು ಈ ಎರಡು ದಿನಗಳನ್ನು ಮೊದಲಿಂದಲೂ ಆಚರಿಸುತ್ತಿದ್ದವು, ವುಡ್ಸನ್ ಆ ರೂಢಿಯ ಮೇಲೇ ವಾರವನ್ನು ನಿಲ್ಲಿಸಿದರು. ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು 1970ರಲ್ಲೇ ಅದನ್ನು ತಿಂಗಳಿಗೆ ಹಿಗ್ಗಿಸಿದ್ದರು. 1976ರಲ್ಲಿ ಅಧ್ಯಕ್ಷ ಫೋರ್ಡ್ ಅಧಿಕೃತ ಮನ್ನಣೆ ಕೊಟ್ಟರು. ವುಡ್ಸನ್ ಕಟ್ಟಿದ ಸಂಘ ಈಗಲೂ ವರ್ಷಕ್ಕೊಂದು ವಿಷಯ ಘೋಷಿಸುತ್ತದೆ. ಅದನ್ನು ನೋಡಿಕೊಂಡು ಹೆಜ್ಜೆ ಇಟ್ಟರೆ ಪೋಸ್ಟರಿಗೆ ತಲೆಬರಹ ಹುಡುಕುವ ಕಷ್ಟ ತಪ್ಪುತ್ತದೆ.

ಇನ್ನು 'ನಮಗ್ಯಾಕೆ' ಎನ್ನುವವರಿಗೆ. 1946ರ ಕಾನೂನಿನಂತೆ ಭಾರತದಿಂದ ಅಮೆರಿಕಕ್ಕೆ ವಲಸೆ ಬರಲು ಇದ್ದ ಪಾಲು ವರ್ಷಕ್ಕೆ 100 ಜನ. ಕಪ್ಪು ಜನರ ಹೋರಾಟದಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದವು. ಅದೇ ಗಾಳಿಯಲ್ಲಿ 1965ರ ಅಕ್ಟೋಬರ್ 3ರಂದು ದೇಶವಾರು ಪಾಲನ್ನು ತೆಗೆದುಹಾಕಿದ ವಲಸೆ ಕಾಯ್ದೆಗೆ ಸಹಿ ಬಿತ್ತು. ನಿಮ್ಮ ಕನ್ನಡ ಕೂಟ ಇರುವುದೇ ಆ ಮೂರನೆಯ ಸಹಿಯಿಂದ. ಇದನ್ನು ವಾದಕ್ಕೆ ಇಳಿಯದೆ, ಹೀಗೇ ತಾರೀಖು ಹಾಕಿ ಹೇಳಿದರೆ ಸಾಕು.

ಲೈಬ್ರರಿಗೂ ಈ ಇತಿಹಾಸದಲ್ಲಿ ಸ್ವಂತ ಪಾತ್ರ ಇದೆ, ಎರಡು ಬಗೆಯಲ್ಲಿ. ನ್ಯೂಯಾರ್ಕಿನ ಹಾರ್ಲೆಮ್‌ನ 135ನೇ ಬೀದಿಯ ಶಾಖಾ ಗ್ರಂಥಾಲಯ 1926ರಲ್ಲಿ ಪೋರ್ಟೊ ರಿಕೊ ಮೂಲದ ಅರ್ತುರೊ ಶೋಂಬರ್ಗ್ ಕಪ್ಪು ಜನರ ಬಗ್ಗೆ ಕೂಡಿಟ್ಟಿದ್ದ ಪುಸ್ತಕ, ಹಸ್ತಪ್ರತಿಗಳನ್ನು ಕಾರ್ನೆಗಿ ಸಂಸ್ಥೆ ಕೊಟ್ಟ 10,000 ಡಾಲರಿನಿಂದ ಪಡೆಯಿತು. ಇಂದಿನ ಶೋಂಬರ್ಗ್ ಸೆಂಟರ್ ಬೆಳೆದದ್ದು ಅಲ್ಲಿಂದ. ಷಿಕಾಗೋದಲ್ಲಿ 1932ರಲ್ಲಿ ತೆರೆದ ಜಾರ್ಜ್ ಕ್ಲೀವ್‌ಲ್ಯಾಂಡ್ ಹಾಲ್ ಶಾಖೆಯನ್ನು ವಿವಿಯನ್ ಹಾರ್ಷ್ ಎಂಬ ಕಪ್ಪು ಗ್ರಂಥಪಾಲಕಿ ಬರಹಗಾರರ ಅಡ್ಡೆಯಾಗಿಸಿದರು. ಇದರ ಇನ್ನೊಂದು ಮುಖವೂ ಇದೆ. 1939ರ ಆಗಸ್ಟ್ 21ರಂದು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಐವರು ಕಪ್ಪು ಯುವಕರು ಲೈಬ್ರರಿ ಕಾರ್ಡ್ ಕೇಳಿದರು. ಕೊಡಲಿಲ್ಲ. ಒಬ್ಬೊಬ್ಬರು ಒಂದೊಂದು ಪುಸ್ತಕ ತೆಗೆದುಕೊಂಡು ಕೂತು ಓದತೊಡಗಿದರು, ಪೊಲೀಸರು ಬಂದು ಬಂಧಿಸಿದರು. ಅದನ್ನು ಯೋಜಿಸಿದ್ದವರು ಸ್ಯಾಮ್ಯುಯಲ್ ಟಕರ್ ಎಂಬ ವಕೀಲ. ಲೂಯಿಸಿಯಾನಾದ ಇಂಥದೇ ಒಂದು ಪ್ರಕರಣ 1966ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಪ್ರತಿಭಟನಕಾರರು ಗೆದ್ದರು. ದಕ್ಷಿಣದಿಂದ ಓಹಾಯೋಗೆ ಬಂದ ಕುಟುಂಬಗಳ ಹಿರಿಯರಲ್ಲಿ ಲೈಬ್ರರಿಯ ಬಾಗಿಲು ಮುಚ್ಚಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. 'ಲೈಬ್ರರಿ ಎಲ್ಲರದ್ದೂ ಅಲ್ಲವೇ, ಯಾಕೆ ಬರುವುದಿಲ್ಲ' ಎಂದು ಕೇಳುವ ಮುಂಚೆ ಇದು ನೆನಪಿರಲಿ.

ಈಗ ಕೆಲಸಕ್ಕೆ ಬರೋಣ. ಈ ವಾರ ಮಾಡಬೇಕಾದ್ದು ಪಟ್ಟಿ: ನಿಮ್ಮ ಊರು ಮತ್ತು ಪಕ್ಕದ ಎರಡು ಊರುಗಳ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಮತ್ತು ಬ್ಯಾಪ್ಟಿಸ್ಟ್ ಚರ್ಚುಗಳು, ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಶಾಖೆ, ಆಲ್ಫಾ ಕಪ್ಪಾ ಆಲ್ಫಾ, ಡೆಲ್ಟಾ ಸಿಗ್ಮಾ ಥೀಟಾದಂಥ ಕಪ್ಪು ಮಹಿಳೆಯರ ಸಂಘಗಳ ಸ್ಥಳೀಯ ಘಟಕಗಳು, ಕಪ್ಪು ಮಾಲೀಕರ ಕ್ಷೌರದಂಗಡಿ, ಶಾಲೆಯ ಪೋಷಕರ ಗುಂಪು. ಚರ್ಚಿನಲ್ಲಿ ಪಾದ್ರಿಗಿಂತ ಮೊದಲು ಕಚೇರಿ ಕಾರ್ಯದರ್ಶಿಯನ್ನು ಕಂಡು 'ಚರ್ಚಿನ ಇತಿಹಾಸ ಯಾರ ಬಳಿ ಇದೆ' ಎಂದು ಕೇಳಿ. ಹೆಚ್ಚಿನ ಹಳೆಯ ಚರ್ಚುಗಳಲ್ಲಿ ಫೋಟೊ, ವಾರ್ಷಿಕೋತ್ಸವದ ಪುಸ್ತಿಕೆ ಕಾಪಾಡಿಕೊಂಡು ಬಂದ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಇಮೇಲ್ ಬೇಡ, ಫೋನ್ ಮಾಡಿ, ಆಮೇಲೆ ಹೋಗಿ ನೋಡಿ. ಮೂರರಿಂದ ಐದು ಜನರ ಸಮಿತಿ ಸಾಕು, ಅದರಲ್ಲಿ ಬಹುಪಾಲು ಕಪ್ಪು ನಿವಾಸಿಗಳೇ ಇರಲಿ. ಮೊದಲ ಭೇಟಿಯಲ್ಲಿ 'ಬಂದು ಹಾಡಿ' ಎಂದು ಕೇಳಬೇಡಿ. 'ಲೈಬ್ರರಿಯಲ್ಲಿ ಏನಿದ್ದರೆ ನೀವು ಬರುತ್ತೀರಿ' ಎಂದು ಕೇಳಿ ಸುಮ್ಮನಿರಿ. ಉತ್ತರ ಕೇಳಿದ ಮೇಲೆ ನಿಮ್ಮ ಯೋಜನೆ ಬದಲಾಗದಿದ್ದರೆ ಕೇಳಿದ್ದು ನಾಟಕವಾಯಿತು ಎಂದರ್ಥ, ಅದು ಅವರಿಗೂ ಗೊತ್ತಾಗುತ್ತದೆ.

ಇಲ್ಲೇ ಇನ್ನೊಂದು ತಪ್ಪು ಸಾಮಾನ್ಯ. ಪ್ರಾಧ್ಯಾಪಕರಿಗೆ ಸಂಭಾವನೆ ಕೊಡುತ್ತಾರೆ, ಚರ್ಚಿನ ಗಾಯಕವೃಂದಕ್ಕೆ ಹೂಗುಚ್ಛ ಕೊಡುತ್ತಾರೆ. ಹಾಗೆ ಮಾಡಬೇಡಿ. 1,500 ಡಾಲರನ್ನು ನಾನು ಹೀಗೆ ಹಂಚುತ್ತೇನೆ: ವಂಶಾವಳಿ ಕಮ್ಮಟ ನಡೆಸುವವರಿಗೆ 400, ಕಥೆ ಹೇಳುವವರಿಗೆ 350, ಇಬ್ಬರು ಸಂಗೀತಗಾರರಿಗೆ 300, ಸ್ಕ್ಯಾನಿಂಗ್ ಸಾಮಗ್ರಿಗೆ 150, ತಿಂಡಿಗೆ 130, ಮುದ್ರಣಕ್ಕೆ 120, ಕೈಯಲ್ಲಿ 50. ಇವು ಸಣ್ಣ ಊರಿನ ಸಂಭಾವನೆಗಳು. ಹೆಸರಾಂತ ಭಾಷಣಕಾರರನ್ನು ಕರೆದರೆ ಅಷ್ಟೂ ಹಣ ಒಬ್ಬರಿಗೇ ಸಾಲದು, ಕರೆಯುವ ಅಗತ್ಯವೂ ಇಲ್ಲ. ಲೈಬ್ರರಿ ಹಣ ಕೊಡುವ ಮುಂಚೆ ತೆರಿಗೆ ಮಾಹಿತಿಯ ಡಬ್ಲ್ಯೂ-9 ಫಾರ್ಮ್ ಕೇಳುತ್ತದೆ, ಚೆಕ್ ಬರಲು ಮೂರು-ನಾಲ್ಕು ವಾರ ಹಿಡಿಯಬಹುದು. ಕಾರ್ಯಕ್ರಮ ಮುಗಿದ ಮೇಲೆ ಈ ಮಾತು ಹೇಳಿದರೆ ಮನಸ್ತಾಪ. ಡಿಸೆಂಬರಿನಲ್ಲೇ ಫಾರ್ಮ್ ತುಂಬಿಸಿ, ಕಾರ್ಯಕ್ರಮದ ದಿನವೇ ಚೆಕ್ ಕೈಗೆ ಸಿಗುವಂತೆ ಕೇಳಿಕೊಳ್ಳಿ.

ಏನು ಮಾಡಬಹುದು ಎಂಬುದಕ್ಕೆ ನನ್ನ ಮೊದಲ ಆಯ್ಕೆ ಸ್ಕ್ಯಾನಿಂಗ್ ದಿನ: ಊರಿನ ಕಪ್ಪು ಕುಟುಂಬಗಳು ತಮ್ಮ ಹಳೆಯ ಫೋಟೊ, ಚರ್ಚಿನ ಪುಸ್ತಿಕೆ, ಸೈನ್ಯದ ಬಿಡುಗಡೆ ಪತ್ರ, ಶವಸಂಸ್ಕಾರದ ಕರಪತ್ರ ತರುವುದು, ಲೈಬ್ರರಿ ಸ್ಕ್ಯಾನ್ ಮಾಡಿ ಮೂಲವನ್ನು ಅಲ್ಲೇ ಹಿಂದಿರುಗಿಸುವುದು. ಶವಸಂಸ್ಕಾರದ ಕರಪತ್ರ ಎಂದಾಗ ಮುಖ ಸಿಂಡರಿಸಬೇಡಿ. ಕಪ್ಪು ಚರ್ಚುಗಳಲ್ಲಿ ಅದು ಸತ್ತವರ ಹುಟ್ಟೂರು, ಒಡಹುಟ್ಟಿದವರು, ಕೆಲಸ, ಮಕ್ಕಳು ಎಲ್ಲ ಇರುವ ಪುಟ್ಟ ಜೀವನಚರಿತ್ರೆ. ವಂಶಾವಳಿ ಹುಡುಕುವವರಿಗೆ ಚಿನ್ನ.

ಇದಕ್ಕೆ ಎರಡು ಫ್ಲ್ಯಾಟ್‌ಬೆಡ್ ಸ್ಕ್ಯಾನರ್, ಎರಡು ಲ್ಯಾಪ್‌ಟಾಪ್, ಒಂದೊಂದು ಮೇಜಿಗೆ ಮೂವರು ಬೇಕು: ಒಬ್ಬರು ಬರಮಾಡಿಕೊಂಡು ಫಾರ್ಮ್ ತುಂಬಿಸಲು, ಒಬ್ಬರು ಸ್ಕ್ಯಾನ್ ಮಾಡಲು, ಒಬ್ಬರು ಕೂತು ಕಥೆ ಕೇಳಿ ಬರೆದುಕೊಳ್ಳಲು. ಪ್ರತಿ ಕುಟುಂಬಕ್ಕೆ ಅರ್ಧ ಗಂಟೆ, ಹತ್ತು ವಸ್ತುಗಳ ಮಿತಿ. ಹಾಗಾದರೆ ನಾಲ್ಕು ಗಂಟೆಯಲ್ಲಿ ಒಂದು ಮೇಜಿಗೆ ಎಂಟು ಕುಟುಂಬ. ಮಿತಿ ಹಾಕದಿದ್ದರೆ ಮೊದಲು ಬಂದವರ ಮೂರು ಆಲ್ಬಮ್‌ನಲ್ಲೇ ಮಧ್ಯಾಹ್ನವಾಗಿಬಿಡುತ್ತದೆ, ಹಿಂದೆ ಕಾದವರು ಎದ್ದು ಹೋಗುತ್ತಾರೆ. ಫೋಟೊಗಳಿಗೆ 600 ಡಿಪಿಐ, ಬಣ್ಣದಲ್ಲೇ, ಟಿಫ್ ಫೈಲ್ ಆಗಿ. ಕಪ್ಪು-ಬಿಳುಪು ಫೋಟೊ ಆದರೂ ಬಣ್ಣದಲ್ಲೇ ಮಾಡಿ, ಮಾಸಿದ ಛಾಯೆಯೂ ಮಾಹಿತಿಯೇ. ಬೆರಳುಗಾತ್ರದ ನೆಗೆಟಿವ್‌ಗಳಿಗೆ 600 ಏನೇನೂ ಸಾಲದು, ಅವನ್ನು ಬೇರೆ ದಿನಕ್ಕೆ ಎತ್ತಿಡಿ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೋ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಹೆಸರು ಇರುವುದು ಅಲ್ಲಿ. ಬಿಳಿ ಹತ್ತಿ ಗ್ಲೋವ್ಸ್ ಟಿವಿಯಲ್ಲಿ ಚಂದ, ಕೆಲಸದಲ್ಲಿ ಹಿಡಿತ ತಪ್ಪಿಸಿ ಹಳೆಯ ಕಾಗದದ ಅಂಚು ಹರಿಯುತ್ತದೆ. ಕಾಗದಕ್ಕೆ ತೊಳೆದು ಒರೆಸಿದ ಕೈ, ಫೋಟೊಗೆ ನೈಟ್ರೈಲ್ ಗ್ಲೋವ್ಸ್. 1970-80ರ ಅಂಟು ಹಾಳೆಯ ಆಲ್ಬಮ್‌ನಿಂದ ಫೋಟೊ ಕೀಳಲು ಹೋಗಬೇಡಿ, ಪುಟವನ್ನೇ ಇಟ್ಟು ಸ್ಕ್ಯಾನ್ ಮಾಡಿ. ಯಾರದ್ದೋ ತಾಯಿಯ ಏಕೈಕ ಫೋಟೊ ಅರ್ಧಕ್ಕೆ ಹರಿದರೆ ಆ ಊರಿನಲ್ಲಿ ನಿಮ್ಮ ಸ್ಕ್ಯಾನಿಂಗ್ ದಿನ ಅಂದಿಗೇ ಮುಗಿಯಿತು.

ಒಪ್ಪಿಗೆ ಫಾರ್ಮಿನಲ್ಲಿ ಮೂರು ಆಯ್ಕೆ ಬೇರೆ ಬೇರೆ ಇರಬೇಕು: ನನಗೆ ಮಾತ್ರ ಪ್ರತಿ ಬೇಕು, ಲೈಬ್ರರಿಯೊಳಗೆ ನೋಡಲು ಇಡಬಹುದು, ಅಂತರ್ಜಾಲದಲ್ಲೂ ಹಾಕಬಹುದು. ಮೂರನೆಯದನ್ನೇ ಟಿಕ್ ಮಾಡಿ ಎಂದು ಒತ್ತಾಯಿಸಬೇಡಿ. ಮಕ್ಕಳ ಫೋಟೊ, ಬದುಕಿರುವವರ ವಿಳಾಸ, ಸೈನ್ಯದ ಪತ್ರದ ಮೇಲಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇವನ್ನು ಮುಚ್ಚದೆ ಯಾವುದನ್ನೂ ಹೊರಗೆ ಬಿಡಬಾರದು. ಸ್ಟುಡಿಯೋ ತೆಗೆದ ಫೋಟೊದ ಹಕ್ಕು ಸಾಮಾನ್ಯವಾಗಿ ಫೋಟೊ ತೆಗೆದವರದ್ದು, ಕುಟುಂಬದ್ದಲ್ಲ. ಅದನ್ನು ಮೊದಲ ಆಯ್ಕೆಯಲ್ಲಿ ಇಟ್ಟರೆ ಕ್ಷೇಮ. ಮನೆಗೆ ಹೋಗುವಾಗ ಅವರ ಕೈಯಲ್ಲಿ ಪೆನ್ ಡ್ರೈವ್ ಇರಲಿ. ಲೈಬ್ರರಿಯ ಪ್ರತಿ ಎರಡು ಬೇರೆ ಬೇರೆ ಕಟ್ಟಡಗಳಲ್ಲಿ ಇರಲಿ.

ಕಥೆಯನ್ನು ಧ್ವನಿಮುದ್ರಿಸುವುದಾದರೆ ಅದೇ ಮೇಜಿನಲ್ಲಿ ಬೇಡ. ಲೈಬ್ರರಿಯ ಸಣ್ಣ ಅಧ್ಯಯನ ಕೊಠಡಿ, ಹೀಟರಿನ ಫ್ಯಾನ್ ಆಫ್, ಮೈಕ್ ಬಾಯಿಂದ ಒಂದು ಗೇಣು ದೂರ, 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. 'ನಿಮ್ಮ ಕಷ್ಟ ಹೇಳಿ' ಎಂದು ಶುರು ಮಾಡಿದರೆ ಜನ ಮುಚ್ಚಿಕೊಳ್ಳುತ್ತಾರೆ. 'ನಿಮ್ಮ ಮೊದಲ ಮನೆಯಲ್ಲಿ ಅಡುಗೆಮನೆ ಹೇಗಿತ್ತು' ಎಂದು ಕೇಳಿದರೆ ಉಳಿದದ್ದು ತಾನಾಗಿಯೇ ಬರುತ್ತದೆ.

ಇದರ ಜೊತೆಗೆ ವಂಶಾವಳಿ ಕಮ್ಮಟ ಚೆನ್ನಾಗಿ ಹೊಂದುತ್ತದೆ. ಆದರೆ ಇಂಗ್ಲಿಷ್, ಜರ್ಮನ್ ಮೂಲದವರ ವಂಶಾವಳಿ ಕಲಿಸುವವರನ್ನೇ ಇದಕ್ಕೂ ಕರೆದರೆ ಕೆಡುತ್ತದೆ. ಕಾರಣ 1870. ಗುಲಾಮಗಿರಿಯಲ್ಲಿದ್ದ ಬಹುಪಾಲು ಜನರ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲ ಬಾರಿ ಬಂದದ್ದು ಆ ವರ್ಷ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಇರುವುದು ಒಡೆಯನ ಹೆಸರು, ಕೆಳಗೆ ವಯಸ್ಸು, ಲಿಂಗ, ಬಣ್ಣ. ಆ ಗೋಡೆ ದಾಟಲು ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ನೆರವಾದ ಸರ್ಕಾರಿ ಇಲಾಖೆಯಾದ ಫ್ರೀಡ್‌ಮೆನ್ಸ್ ಬ್ಯೂರೋದ ದಾಖಲೆ, ಅಂತರ್ಯುದ್ಧದ ಕಪ್ಪು ಪಡೆಗಳ ಪಿಂಚಣಿ ಕಡತ, ಒಡೆಯರ ಉಯಿಲುಗಳಲ್ಲಿ ಹುಡುಕಬೇಕು. 1890ರ ಜನಗಣತಿಯ ಬಹುಭಾಗ 1921ರ ಬೆಂಕಿಯ ನಂತರ ಕೈತಪ್ಪಿತು, ಹಾಗಾಗಿ 1880ರಿಂದ 1900ಕ್ಕೆ ನೆಗೆಯಬೇಕು. ಈ ದಾರಿ ಬಲ್ಲವರನ್ನೇ ಹುಡುಕಿ. ಬರುವವರಿಗೂ ಮೊದಲೇ ಹೇಳಿ: 1950ರ ಜನಗಣತಿ ತೆರೆದಿದೆ, ಅಜ್ಜ-ಅಜ್ಜಿಯ ಹೆಸರಿನಿಂದ ಅಲ್ಲಿ ಹಿಡಿದು ಹಿಂದಕ್ಕೆ ನಡೆಯುವುದು, ಎರಡು ಗಂಟೆಯಲ್ಲಿ ಆಫ್ರಿಕಾ ಮುಟ್ಟುವುದಿಲ್ಲ.

ಫಲಕ ಪ್ರದರ್ಶನಕ್ಕೆ ಕಿಂಗ್, ರೋಸಾ ಪಾರ್ಕ್ಸ್, ಒಬಾಮಾ ಇವರ ಚಿತ್ರ ಹಚ್ಚುವ ಮುಂಚೆ ನಿಮ್ಮ ರಾಜ್ಯವನ್ನು ಒಮ್ಮೆ ತಡವಿ ನೋಡಿ. ಓಹಾಯೋದಲ್ಲಿ ಗುಲಾಮಗಿರಿ ಇರಲಿಲ್ಲ ಎಂದು ಹೆಮ್ಮೆಪಡುವವರಿದ್ದಾರೆ. ನಿಜ. ಆದರೆ 1804ರ ಕಾನೂನಿನಂತೆ ಕಪ್ಪು ವ್ಯಕ್ತಿ ಅಲ್ಲಿ ನೆಲೆಸಲು ತಾನು ಸ್ವತಂತ್ರನೆಂಬ ಕೋರ್ಟಿನ ಪ್ರಮಾಣಪತ್ರ ತೋರಿಸಬೇಕಿತ್ತು. 1807ರಲ್ಲಿ 500 ಡಾಲರಿನ ಜಾಮೀನೂ ಸೇರಿತು. 1849ರ ಜನವರಿಯಲ್ಲಿ ಕೊಲಂಬಸ್‌ನಲ್ಲಿ ಕಪ್ಪು ನಾಗರಿಕರು ಸಮಾವೇಶ ಸೇರಿ ಇದನ್ನು ಖಂಡಿಸಿದರು, ಅದೇ ವರ್ಷ ಈ ಕಾನೂನುಗಳ ಬಹುಭಾಗ ರದ್ದಾಯಿತು. ಡೇಟನ್‌ನ ಕವಿ ಪಾಲ್ ಲಾರೆನ್ಸ್ ಡನ್‌ಬಾರ್, ವಿಲ್ಬರ್‌ಫೋರ್ಸ್‌ನಲ್ಲಿ ನೆಲೆಸಿದ್ದ ಕರ್ನಲ್ ಚಾರ್ಲ್ಸ್ ಯಂಗ್ ನಿಮ್ಮ ರಾಜ್ಯದವರೇ. ಕಾದಂಬರಿಕಾರ್ತಿ ಟೋನಿ ಮಾರಿಸನ್ ಹದಿಹರೆಯದಲ್ಲಿ ಕೆಲಸ ಮಾಡಿದ ಲೊರೇನ್ ಪಬ್ಲಿಕ್ ಲೈಬ್ರರಿಯಲ್ಲಿ 1995ರಿಂದ ಅವರ ಹೆಸರಿನ ಓದುವ ಕೋಣೆ ಇದೆ. ಇನ್ನೂ ಹತ್ತಿರಕ್ಕೆ ಬರಬೇಕೆಂದರೆ ಗ್ರೀನ್ ಬುಕ್ ತೆರೆಯಿರಿ. ಕಪ್ಪು ಪ್ರಯಾಣಿಕರು ಎಲ್ಲಿ ತಂಗಬಹುದು, ಎಲ್ಲಿ ಊಟ ಸಿಗುತ್ತದೆ ಎಂದು 1936ರಿಂದ ಬಂದ ಕೈಪಿಡಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಇದರ ಹಲವು ಆವೃತ್ತಿಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ನಿಮ್ಮ ಸೀಮೆಯ ವಿಳಾಸಗಳನ್ನು ಹುಡುಕಿ ಈಗಿನ ಬೀದಿಯ ಫೋಟೊ ಪಕ್ಕಕ್ಕಿಡಿ. ನಿಮ್ಮ ಊರಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಖಾಲಿಯನ್ನೂ ತೋರಿಸಬಹುದು. 1883ರಿಂದ 1945ರವರೆಗೆ ಬಂದ ಕ್ಲೀವ್‌ಲ್ಯಾಂಡ್ ಗೆಜೆಟ್ ಎಂಬ ಕಪ್ಪು ಪತ್ರಿಕೆಯಲ್ಲಿ ಸಣ್ಣ ಊರುಗಳ ಮದುವೆ, ಜಗಳ, ಚರ್ಚಿನ ಊಟದ ಸುದ್ದಿಯೂ ಸಿಗುತ್ತದೆ.

ಉಪನಗರಗಳಲ್ಲಿ ಇನ್ನೊಂದು ಮೂಲ ಜಮೀನು ಪತ್ರಗಳು. 'ಬಿಳಿಯರಲ್ಲದವರಿಗೆ ಮಾರಕೂಡದು' ಎಂಬ ಷರತ್ತು ಎಷ್ಟೋ ಬಡಾವಣೆಗಳ ಹಳೆಯ ಪತ್ರದಲ್ಲಿದೆ. 1948ರಲ್ಲಿ ಸುಪ್ರೀಂ ಕೋರ್ಟ್ ಇಂಥದನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದಿತು, 1968ರಲ್ಲಿ ಕಾನೂನೇ ಅದನ್ನು ನಿಷೇಧಿಸಿತು. ಆ ಷರತ್ತು ನಮ್ಮವರಿಗೂ ಅನ್ವಯಿಸುತ್ತಿತ್ತು ಎಂದು ತಿಳಿದಾಗ ನಿಮ್ಮ ಕೂಟದವರ ಮುಖ ನೋಡಬೇಕು. ಇದನ್ನು ಫಲಕದಲ್ಲಿ ಹಾಕುವಾಗ ಬಡಾವಣೆಯ ಹೆಸರು, ವರ್ಷ ಸಾಕು. ಮನೆ ನಂಬರ್ ಹಾಕಿದರೆ ಈಗಿನ ಮಾಲೀಕರು ಲೈಬ್ರರಿಗೆ ಸಿಟ್ಟಿನಿಂದ ಬರುತ್ತಾರೆ, ಆಮೇಲೆ ಚರ್ಚೆಯೆಲ್ಲ ಅವರ ಸುತ್ತಲೇ.

ಗುಟ್ಟಿನ ಕೌದಿಗೆ ಬಂದೆ. ಕೌದಿಯ ವಿನ್ಯಾಸಗಳಲ್ಲಿ ಸಂಕೇತ ಅಡಗಿಸಿ ಓಡಿಹೋಗುವವರಿಗೆ ದಾರಿ ತೋರಿಸುತ್ತಿದ್ದರು ಎಂಬ ಕಥೆ 1999ರಲ್ಲಿ ಬಂದ ಒಂದು ಪುಸ್ತಕದಿಂದ ಊರೂರು ಹಬ್ಬಿತು. ಮಕ್ಕಳಿಗೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಲು ಅನುಕೂಲ, ಹಾಗಾಗಿ ಲೈಬ್ರರಿಗಳಿಗೆ ಅಚ್ಚುಮೆಚ್ಚು. ಆದರೆ ತಪ್ಪಿಸಿಕೊಂಡು ಬಂದವರೇ ಬರೆದ, ಹೇಳಿದ ನೂರಾರು ಕಥನಗಳಲ್ಲಿ ಇದರ ಸುಳಿವಿಲ್ಲ. ಹೆಸರಿಸುವ ವಿನ್ಯಾಸಗಳಲ್ಲಿ ಕೆಲವು ಅಂತರ್ಯುದ್ಧದ ಎಷ್ಟೋ ಕಾಲದ ನಂತರದವು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಕೌದಿಯೇ ಬೇಕೆಂದರೆ ನಿಜವಾದದ್ದು ಬೇಕಾದಷ್ಟಿದೆ: ಹ್ಯಾರಿಯೆಟ್ ಪವರ್ಸ್ ಬೈಬಲ್ ಕಥೆಗಳನ್ನು ಬಟ್ಟೆಯಲ್ಲಿ ಹೊಲಿದ, ಈಗ ಸ್ಮಿತ್ಸೋನಿಯನ್‌ನಲ್ಲಿರುವ ಕೌದಿ; ಅಲಬಾಮಾದ ಜೀಸ್ ಬೆಂಡ್ ಹೆಂಗಸರು ಹಳೆಯ ಕೆಲಸದ ಬಟ್ಟೆಯಿಂದ ಹೊಲಿದವು, 2002ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. ಮಕ್ಕಳ ವಿಷಯದಲ್ಲಿ ಇನ್ನೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಗುಲಾಮರಂತೆ ಓಡುವ ಆಟ, ಹರಾಜಿನ ಅಣಕು ಯಾವ ರೂಪದಲ್ಲೂ ಬೇಡ. ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ, ಕೊನೆಗೆ ಆ ಕೋಣೆಯ ಇಬ್ಬರು ಕಪ್ಪು ಮಕ್ಕಳು ಅಳುತ್ತಾ ಮನೆಗೆ ಹೋಗುತ್ತಾರೆ. ಕಥೆಯ ಸಮಯಕ್ಕೆ, ಕಪ್ಪು ಲೇಖಕರ ಮಕ್ಕಳ ಪುಸ್ತಕಗಳಿಗೆ ಕೊಡುವ ಕೊರೆಟಾ ಸ್ಕಾಟ್ ಕಿಂಗ್ ಪ್ರಶಸ್ತಿಯ ಪಟ್ಟಿಯಿಂದ ಅಜ್ಜಿ, ಮಳೆ, ತಲೆ ಬಾಚುವುದು, ಹೊಸ ತಮ್ಮ ಇಂಥ ದಿನನಿತ್ಯದ ಪುಸ್ತಕ ಆರಿಸಿ. ದೊಡ್ಡವರ ಪುಸ್ತಕ ಮೇಜಿನಲ್ಲೂ ಗುಲಾಮಗಿರಿ, ಹೋರಾಟ ಎರಡೇ ಇರದೆ ಅಡುಗೆ, ಪತ್ತೇದಾರಿ, ತೋಟಗಾರಿಕೆ, ಖಗೋಳ ಬೆರೆತಿರಲಿ.

ಖರ್ಚೇ ಇಲ್ಲದ ಒಂದು ದಿನವೂ ಇದೆ: ಫೆಬ್ರವರಿ 14, ಡಗ್ಲಸ್ ಡೇ. ಕಪ್ಪು ಇತಿಹಾಸದ ಕೈಬರಹದ ದಾಖಲೆಗಳನ್ನು ದೇಶದ ನಾನಾ ಕಡೆಯ ಜನ ಅಂದು ಒಟ್ಟಿಗೆ ಕೂತು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಬೇಕಾದ್ದು ವೈಫೈ, ಹತ್ತು ಲ್ಯಾಪ್‌ಟಾಪ್, ಒಂದು ಕೇಕ್. ಒಂದೇ ತೊಡಕು, ಈಗಿನ ಶಾಲಾಮಕ್ಕಳಿಗೆ ಕೂಡಿಸಿ ಬರೆದ ಇಂಗ್ಲಿಷ್ ಕೈಬರಹ ಓದಲು ಬರುವುದಿಲ್ಲ. ಪಕ್ಕದಲ್ಲಿ ಒಬ್ಬೊಬ್ಬ ನಿವೃತ್ತರನ್ನು ಕೂರಿಸಿ. ಯಾವುದಾದರೂ ಭಾಷಣ ಗಟ್ಟಿಯಾಗಿ ಓದಿಸುವ ಆಸೆ ಇದ್ದರೆ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಮಾಡಿದ್ದನ್ನು ತೆಗೆದುಕೊಳ್ಳಿ, ಅದಕ್ಕೆ ಯಾರ ಅನುಮತಿಯೂ ಬೇಡ. ಕಿಂಗ್ ಅವರ 1963ರ ಪ್ರಸಿದ್ಧ ಭಾಷಣಕ್ಕೆ ಈಗಲೂ ಹಕ್ಕುಸ್ವಾಮ್ಯ ಇದೆ. ಡನ್‌ಬಾರ್ ಪದ್ಯಗಳಿಗೂ ಅನುಮತಿ ಬೇಡ, ಆದರೆ ಆಡುಮಾತಿನಲ್ಲಿ ಬರೆದವನ್ನು ನಾವು-ನೀವು ಓದಲು ಹೋಗಬಾರದು, ಅಣಕದಂತೆ ಕೇಳಿಸುತ್ತದೆ. ಕಪ್ಪು ಸಮುದಾಯದ ನಾಡಗೀತೆ ಎನಿಸಿದ, 1900ರ 'ಲಿಫ್ಟ್ ಎವ್ರಿ ವಾಯ್ಸ್' ಅನ್ನು ಗಾಯಕರು ಹಾಡಿದಾಗ ಕಪ್ಪು ಸಭಿಕರು ಎದ್ದು ನಿಲ್ಲುತ್ತಾರೆ. ನಿಮ್ಮ ಸ್ವಯಂಸೇವಕರಿಗೆ ಇದು ಮೊದಲೇ ತಿಳಿದಿರಲಿ, ಎಲ್ಲರೂ ಏಳಲಿ.

ಸಿನಿಮಾ ಬಗ್ಗೆ ಚುಟುಕಾಗಿ: ಮನೆಗೆ ಕೊಂಡ ಡಿವಿಡಿ, ಮನೆಯ ನೆಟ್‌ಫ್ಲಿಕ್ಸ್ ಖಾತೆ ಲೈಬ್ರರಿಯ ಸಭೆಯಲ್ಲಿ ನಡೆಯುವುದಿಲ್ಲ. ಸಾರ್ವಜನಿಕ ಪ್ರದರ್ಶನದ ಹಕ್ಕು ಬೇಕು. ಲೈಬ್ರರಿಗೆ ವಾರ್ಷಿಕ ಲೈಸೆನ್ಸ್ ಇದೆಯೇ, ಅದರಲ್ಲಿ ಆ ಸ್ಟುಡಿಯೋ ಇದೆಯೇ, ಹೊರಗಿನ ಜಾಹೀರಾತಿನಲ್ಲಿ ಚಿತ್ರದ ಹೆಸರು ಹಾಕಲು ಬಿಡುತ್ತದೆಯೇ ಎಂಬ ಮೂರನ್ನೂ ಕೇಳಿ. ಮೂರನೆಯದಕ್ಕೆ ಎಷ್ಟೋ ಸಲ ಉತ್ತರ 'ಇಲ್ಲ'. ಹೆಸರು ಹಾಕದ ಸಿನಿಮಾಕ್ಕೆ ಯಾರು ಬರುತ್ತಾರೆ?

'ರಾಜಕೀಯ' ಎಂಬ ದೂರು ನಿಮ್ಮ ಕೂಟದಿಂದಷ್ಟೇ ಅಲ್ಲ, ಊರಿನಿಂದಲೂ ಬರಬಹುದು. ಅದನ್ನು ಎದುರಿಸುವುದು ನಿಮ್ಮ ಕೆಲಸವಲ್ಲ, ಲೈಬ್ರರಿಯದ್ದು. ಕಾರ್ಯಕ್ರಮಗಳ ಬಗ್ಗೆ ಆಡಳಿತ ಮಂಡಳಿ ಒಪ್ಪಿದ ಲಿಖಿತ ನೀತಿ ಇದೆಯೇ, ದೂರಿಗೆ ಫಾರ್ಮ್ ಇದೆಯೇ ಎಂದು ಈಗಲೇ ಕೇಳಿಕೊಳ್ಳಿ. ಎಲ್ಲ ಕರಪತ್ರದಲ್ಲೂ 'ಲೈಬ್ರರಿ ಆಯೋಜಿಸಿದ್ದು' ಎಂದಿರಲಿ. ಹೊರಗಿನ ಗುಂಪು ಸಭಾಂಗಣ ಬುಕ್ ಮಾಡಿ ನಡೆಸಿದ್ದಕ್ಕೂ ಲೈಬ್ರರಿಯೇ ನಡೆಸಿದ್ದಕ್ಕೂ ನಿಯಮ ಬೇರೆ. ಬಾಗಿಲಲ್ಲಿ ಯಾರಾದರೂ ಜಗಳ ತೆಗೆದರೆ ಸ್ವಯಂಸೇವಕರು ವಾದಿಸದೆ ಫಾರ್ಮ್ ಕೊಟ್ಟು ಸಿಬ್ಬಂದಿಯನ್ನು ಕರೆಯಬೇಕು.

ಸಿದ್ದಿಗಳ ಕಾರ್ಯಕ್ರಮ ಮಾಡಲೇಬೇಕು, ಆದರೆ ಫೆಬ್ರವರಿಯ ಜಾಗದಲ್ಲಿ ಅಲ್ಲ. ಆಫ್ರಿಕನ್ ಅಮೆರಿಕನ್ನರ ತಿಂಗಳಲ್ಲಿ ನಾಲ್ಕು ಶನಿವಾರ ಇರುವಾಗ ಒಂದನ್ನು ಭಾರತೀಯರು ತೆಗೆದುಕೊಂಡರೆ ಅದು ಹಾಗೆಯೇ ಕಾಣುತ್ತದೆ. ಬೇಸಿಗೆಯಲ್ಲೋ ಅಕ್ಟೋಬರಿನಲ್ಲೋ ಇಡಿ, ಫೆಬ್ರವರಿಯಲ್ಲಿ ಜೊತೆಯಾದವರನ್ನು ಅತಿಥಿಗಳಾಗಿ ಕರೆಯಿರಿ. ದಾರಿ ಹೊಸದಲ್ಲ: ಶೋಂಬರ್ಗ್ ಸೆಂಟರ್ 2013ರಲ್ಲಿ ಭಾರತದ ಆಫ್ರಿಕನ್ನರ ಬಗ್ಗೆ ಪ್ರದರ್ಶನ ಮಾಡಿತ್ತು. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಗುಲಾಮ ವ್ಯಾಪಾರದಲ್ಲಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರ ಕಥೆ, ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಅಧಿಕಾರ ನಡೆಸಿದ ಹಬ್ಶಿ (ಆಫ್ರಿಕಾ ಮೂಲದ) ಇಖ್ಲಾಸ್ ಖಾನನ ಕಥೆ, ಎರಡೂ ಹೇಳಿ. ಒಂದನ್ನೇ ಹೇಳಿದರೆ ಅರ್ಧ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ, 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಹಳೆಯ ಬಟ್ಟೆಯ ತುಂಡುಗಳಿಂದ ಅವರ ಹೆಂಗಸರು ಹೊಲಿಯುವ ಕೌದಿಯನ್ನು ಜೀಸ್ ಬೆಂಡ್ ಕೌದಿಯ ಫೋಟೊ ಪಕ್ಕದಲ್ಲಿಟ್ಟರೆ ನೋಡುವವರು ತಾವೇ ಮಾತಾಡತೊಡಗುತ್ತಾರೆ. ಒಂದು ಮತ್ತೊಂದರಿಂದ ಬಂತು ಎಂದು ಮಾತ್ರ ಬರೆಯಬೇಡಿ. ಮಾತಾಡುವವರು ಸಿದ್ದಿಗಳೇ ಆಗಿರಲಿ, ವಿಡಿಯೊ ಕರೆಯಲ್ಲಾದರೂ. ಓಹಾಯೋದ ಬೇಸಿಗೆಯಲ್ಲಿ ಬೆಳಿಗ್ಗೆ 10 ಎಂದರೆ ಅಲ್ಲಿ ಸಂಜೆ 7:30. ಕಾಡಿನ ಹಳ್ಳಿಯ ನೆಟ್‌ವರ್ಕ್ ನಂಬಬೇಡಿ, ಇಪ್ಪತ್ತು ನಿಮಿಷ ಮೊದಲೇ ಮುದ್ರಿಸಿಟ್ಟುಕೊಂಡು ಪ್ರಶ್ನೋತ್ತರ ಮಾತ್ರ ನೇರ ಇಡಿ. ಅವರಿಗೂ ಸಂಭಾವನೆ ಕೊಡಿ.

ಫೆಬ್ರವರಿಯ ಫಲಕಗಳಲ್ಲೇ ಕರ್ನಾಟಕಕ್ಕೆ ಒಂದು ಜಾಗ ಬೇಕೆಂದರೆ ನ್ಯಾಯವಾಗಿ ಸಿಗುವಂಥದ್ದಿದೆ. ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಮಾರ್ಟಿನ್ ಲೂಥರ್ ಕಿಂಗ್‌ರ ಗುರುವಾದ ಬೆಂಜಮಿನ್ ಮೇಸ್ 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಆ ಭೇಟಿಯಲ್ಲಿ ಅಸ್ಪೃಶ್ಯರ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಪರಿಚಯಿಸಿದ್ದು 'ದೊಡ್ಡ ಸಾಧನೆ ಮಾಡಿದ ಒಬ್ಬ ಅಸ್ಪೃಶ್ಯ' ಎಂದು. ಮೇಸ್ ತಬ್ಬಿಬ್ಬಾದರು, ಆಮೇಲೆ ಆ ಮಾತು ನಿಜವೆಂದು ಅನ್ನಿಸಿತು ಎಂದು ಬರೆದಿದ್ದಾರೆ. ಇಂಥದೇ ಪ್ರಸಂಗವನ್ನು ಕಿಂಗ್ 1965ರ ಜುಲೈ 4ರ ಪ್ರವಚನದಲ್ಲಿ ತಮ್ಮ 1959ರ ಕೇರಳ ಪ್ರವಾಸದ್ದೆಂದು ಹೇಳಿದ್ದಾರೆ. ಎರಡನ್ನೂ ಬೆರೆಸಿ ಕಿಂಗ್‌ರನ್ನು ಮೈಸೂರಿನ ಆ ಶಾಲೆಗೆ ಕಳಿಸಿಬಿಡಬೇಡಿ. ಈ ಫಲಕ ಇಡುವುದಾದರೆ ಜಾತಿಯ ಬಗ್ಗೆ ಕೇಳುವ ಪ್ರಶ್ನೆಗೆ ನಮ್ಮವರು ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಸಿದ್ಧರಿಲ್ಲದಿದ್ದರೆ ಫಲಕವೂ ಬೇಡ.

ತಾರೀಖುಗಳು. ಸೆಪ್ಟೆಂಬರ್ ಕೊನೆಗೆ ಸಮಿತಿ, ಅಕ್ಟೋಬರ್ ಕೊನೆಗೆ ದಿನ ಮತ್ತು ಹೆಸರುಗಳು ಖಚಿತ. ಲೈಬ್ರರಿಯ ಜನವರಿ-ಫೆಬ್ರವರಿ ಪತ್ರಿಕೆಗೆ ನವೆಂಬರಿನಲ್ಲೇ ಬರಹ ಕೊಡಬೇಕಾಗಬಹುದು, ಅದು ತಪ್ಪಿದರೆ ಮತ್ತೆ ಒಂಬತ್ತೇ ಜನ. ಭಾನುವಾರ ಬೆಳಿಗ್ಗೆ ಬೇಡ, ಚರ್ಚು. ಬುಧವಾರ ಸಂಜೆಯೂ ಬೇಡ, ಎಷ್ಟೋ ಚರ್ಚುಗಳಲ್ಲಿ ಬೈಬಲ್ ಪಾಠ. ಅಮೆರಿಕನ್ ಫುಟ್‌ಬಾಲ್ ಫೈನಲ್ ನಡೆಯುವ ಸೂಪರ್ ಬೌಲ್ ಭಾನುವಾರ ಬೇಡವೇ ಬೇಡ. ಶನಿವಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 3 ಒಳ್ಳೆಯ ಸಮಯ. ಪ್ರತಿ ಕಾರ್ಯಕ್ರಮಕ್ಕೂ ಹಿಮ ಬಿದ್ದರೆ ಎಂದು ಬದಲಿ ದಿನವನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿ. ಅರವತ್ತು ಜನರ ಕೋಣೆಯಲ್ಲಿ ಮೊದಲು ಮೂವತ್ತೇ ಕುರ್ಚಿ ಹಾಕಿ, ಉಳಿದದ್ದು ಗೋಡೆಗೆ ಒರಗಿರಲಿ.

ಸಮೋಸ? ಕೊಡಿ, ಧಾರಾಳವಾಗಿ. ಲೈಸೆನ್ಸ್ ಇರುವ ಅಂಗಡಿಯದ್ದಾಗಿರಲಿ, ಮನೆಯಲ್ಲಿ ಕರಿದದ್ದಕ್ಕೆ ಹೆಚ್ಚಿನ ಲೈಬ್ರರಿಗಳು ಬಿಡುವುದಿಲ್ಲ. ಬದಲಾಗಿ 'ಅವರ ಊಟ' ಎಂದು ಕರಿದ ಕೋಳಿ, ಕಲ್ಲಂಗಡಿ ತರಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ತಡೆಯಿರಿ. ಕಪ್ಪು ಜನರನ್ನು ಹಂಗಿಸಲು ನೂರು ವರ್ಷ ಬಳಸಿದ ಚಿತ್ರ ಅದು, ಪ್ರತಿ ಫೆಬ್ರವರಿ ಯಾವುದಾದರೂ ಕ್ಯಾಂಟೀನ್ ಇದೇ ತಪ್ಪು ಮಾಡಿ ಸುದ್ದಿಯಾಗುತ್ತದೆ. ಊಟದ ಪಟ್ಟಿಯನ್ನೂ ಸಮಿತಿಗೇ ಬಿಟ್ಟುಬಿಡಿ.